ಕಿವುಡ ಸಮುದಾಯದ ಆರೋಗ್ಯಸಮೀಕ್ಷೆ: ರಾಚೆಸ್ಟರ್ ನಗರದ ಒಂದು ಪ್ರಯತ್ನ

ಇತಿಹಾಸ ವಿಭಾಗದ ಸಂಶೋಧನ ಪತ್ರಿಕೆಯಲ್ಲಿ ಜನಾರೋಗ್ಯಕ್ಕೆ ಸಂಬಂಧಿಸಿದ ಲೇಖನವೊಂದು ಕಾಣಿಸಿಕೊಂಡುದನ್ನು ನೋಡಿ ಓದುಗರಲ್ಲಿ ಕೆಲವರಿಗೆ ಅಚ್ಚರಿಯಾಗಬಹುದು. ಆದಕಾರಣ ಅದರ ಔಚಿತ್ಯವನ್ನು ಮೊದಲೇ ನಿವೇದಿಸಿಕೊಳ್ಳುವುದು ಯುಕ್ತ. ಶಾಸನವಾಗಲಿ, ಕಡತವಾಗಲಿ, ಜನಗಣತಿಯ ವರದಿಯಾಗಲಿ, ಕೈಗೆ ಬಂದ ಆಧಾರದಲ್ಲಿ ಯಾರ ಮಾತು ದಾಖಲಾಗಿದೆ, ಯಾರ ಮಾತು ದಾಖಲಾಗದೆ ಹೋಗಿದೆ ಎಂದು ವಿಚಾರಿಸುವುದು ನಮ್ಮ ಶಾಸ್ತ್ರದ ಮೊದಲ ಪಾಠ. ಈ ಪಾಠವನ್ನು ನಾವು ಪ್ರಾಚೀನ ಕಾಲದ ದಾಖಲೆಗಳಿಗೆ ಮನಃಪೂರ್ವಕವಾಗಿ ಅನ್ವಯಿಸುತ್ತೇವೆ. ನಮ್ಮ ಕಾಲದ ಸರ್ಕಾರಿ ಅಂಕಿಅಂಶಗಳ ಮುಂದೆ ನಿಂತಾಗ ಅದನ್ನು ಮರೆಯುತ್ತೇವೆ. ಶೇಕಡಾ ಇಷ್ಟು ಮಂದಿಗೆ ರಕ್ತದೊತ್ತಡವಿದೆ, ಇಷ್ಟು ಮಂದಿ ಹೊಗೆಬತ್ತಿ ಸೇದುತ್ತಾರೆ ಎಂದು ಅಚ್ಚಾದ ಸಂಖ್ಯೆಯನ್ನು ಕಂಡರೆ, ಈ ಪ್ರಶ್ನೆಯನ್ನು ಕೇಳಿದವರು ಯಾರು, ಯಾವ ಭಾಷೆಯಲ್ಲಿ ಕೇಳಿದರು, ಯಾರಿಗೆ ಆ ಪ್ರಶ್ನೆ ತಲುಪಲೇ ಇಲ್ಲ ಎಂಬ ಸಂದೇಹ ನಮ್ಮಲ್ಲಿ ಏಳುವುದು ವಿರಳ. ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ರಾಚೆಸ್ಟರ್ ನಗರದಲ್ಲಿ ಸಂಜ್ಞಾಭಾಷೆಯನ್ನಾಡುವ ಕಿವುಡರು ವೈದ್ಯರೊಡನೆ ಕೂಡಿ ನಡೆಸಿದ ಆರೋಗ್ಯಸಮೀಕ್ಷೆಯ ವೃತ್ತಾಂತವು ಈ ಸಂದೇಹವನ್ನು ಎಬ್ಬಿಸುವಂಥದು. ಅದನ್ನು ತಕ್ಕಮಟ್ಟಿಗೆ ವಿಸ್ತಾರವಾಗಿ ಇಲ್ಲಿ ನಿರೂಪಿಸಲು ಯತ್ನಿಸಿದ್ದೇವೆ.

ಹೇಳಿಕೊಳ್ಳಲಾಗದ ಅನುಭವವನ್ನು ಸೂಚಿಸಲು ಕನ್ನಡದಲ್ಲಿ 'ಮೂಗ ಕಂಡ ಕನಸಿನಂತೆ' ಎಂಬ ನುಡಿಗಟ್ಟಿದೆ. ಸೊಗಸಾದ ಮಾತೇನೋ ಹೌದು. ಆದರೆ ಅದರ ಹಿಂದೆ ಒಂದು ತಪ್ಪು ಗ್ರಹಿಕೆ ಅಡಗಿದೆ. ನಾಲಿಗೆಯಿಂದ ಆಡದವನಿಗೆ ಭಾಷೆಯೇ ಇಲ್ಲವೆಂದು ಅದು ಭಾವಿಸುತ್ತದೆ. ಸಂಜ್ಞಾಭಾಷೆಯನ್ನು ಬಲ್ಲ ಕಿವುಡನು ತಾನು ಕಂಡ ಕನಸನ್ನು, ಅದರಲ್ಲಿ ಬಂದವರ ಮುಖಭಾವಸಹಿತವಾಗಿ, ಇನ್ನೊಬ್ಬ ಕಿವುಡನಿಗೆ ಸ್ವಾರಸ್ಯವಾಗಿ ಹೇಳಬಲ್ಲನು. ಅದು ತಿಳಿಯದೆ ಉಳಿಯುವುದು ನೋಡುತ್ತ ನಿಂತ ನಮಗೆ. 'ಕಿವುಡಮೂಗ' ಎಂಬ ಹಳೆಯ ಜೋಡುಪದದ ಉತ್ತರಾರ್ಧವೂ ಇದೇ ತಪ್ಪಿನಿಂದ ಹುಟ್ಟಿದುದು. ಇಂಗ್ಲಿಷಿನವರು ಕಿವಿ ಕೇಳದಿರುವಿಕೆಯನ್ನು ಒಂದು ಬಗೆಯಾಗಿಯೂ, ಸಂಜ್ಞಾಭಾಷೆಯಿಂದ ಒಂದುಗೂಡಿದ ಸಮುದಾಯವನ್ನು ದೊಡ್ಡ ಅಕ್ಷರದಿಂದ ಮೊದಲಾಗುವಂತೆ ಇನ್ನೊಂದು ಬಗೆಯಾಗಿಯೂ ಬರೆದು ಇವೆರಡನ್ನೂ ಬೇರ್ಪಡಿಸುವ ರೂಢಿಯುಂಟು. ನಮ್ಮ ಲಿಪಿಯಲ್ಲಿ ಅಂಥ ಸೌಕರ್ಯವಿಲ್ಲ. ಈ ಲೇಖನದಲ್ಲಿ ಕಿವುಡರೆಂದರೆ ಈ ಎರಡನೆಯ ಅರ್ಥದವರು. ಮುಪ್ಪಿನಲ್ಲಿ ಕಿವಿ ಮಂದವಾದವರ ವಿಚಾರ ಇಲ್ಲಿ ಪ್ರಸ್ತುತವಲ್ಲ.

ಈ ಕಾರ್ಯ ರಾಚೆಸ್ಟರಿನಲ್ಲಿ ನಡೆದುದು ಆಕಸ್ಮಿಕವಲ್ಲ. ಅಮೆರಿಕದಲ್ಲಿ ಕಿವುಡರ ಶಿಕ್ಷಣವು 1817ರಲ್ಲಿ ಹಾರ್ಟ್‌ಫರ್ಡ್ ಪಟ್ಟಣದ ಶಾಲೆಯಿಂದ ನೆಲೆಗೊಂಡಿತು. ಥಾಮಸ್ ಗ್ಯಾಲೊಡೆಟ್ ಎಂಬ ಪಾದ್ರಿಯೂ, ಅವನು ಫ್ರಾನ್ಸಿನಿಂದ ಕರೆತಂದ ಲಾರೆಂಟ್ ಕ್ಲೆರ್ಕ್ ಎಂಬ ಕಿವುಡ ಉಪಾಧ್ಯಾಯನೂ ಅದರ ಸ್ಥಾಪಕರು. ಅಲ್ಲಿ ಬೋಧನೆ ನಡೆಯುತ್ತಿದ್ದುದು ಸಂಜ್ಞೆಗಳಲ್ಲಿ. ರಾಚೆಸ್ಟರಿನ ಶಾಲೆ ತೆರೆದುದು 1876ರಲ್ಲಿ. ಅದರ ಮುಖ್ಯೋಪಾಧ್ಯಾಯನಾಗಿದ್ದ ಜೀನಸ್ ವೆಸ್ಟರ್‌ವೆಲ್ಟ್ ಸಂಜ್ಞಾಭಾಷೆಯನ್ನು ಬದಿಗೊತ್ತಿ, ಇಂಗ್ಲಿಷಿನ ಪ್ರತಿಯೊಂದು ಪದವನ್ನೂ ಬೆರಳುಗಳಿಂದ ಅಕ್ಷರಾಕ್ಷರವಾಗಿ ಮೂಡಿಸುವ ಕ್ರಮವನ್ನು ಬಳಕೆಗೆ ತಂದನು; ಅದಕ್ಕೆ 'ರಾಚೆಸ್ಟರ್ ಪದ್ಧತಿ' ಎಂಬ ಹೆಸರೇ ಬಿದ್ದಿತು. 1880ರಲ್ಲಿ ಇಟಲಿಯ ಮಿಲಾನಿನಲ್ಲಿ ನೆರೆದ ಉಪಾಧ್ಯಾಯರ ಸಮ್ಮೇಳನವು, ಕಿವುಡ ಮಕ್ಕಳಿಗೆ ತುಟಿಯ ಚಲನೆಯನ್ನು ನೋಡಿ ಮಾತನಾಡುವುದನ್ನೇ ಕಲಿಸತಕ್ಕದ್ದು, ಸಂಜ್ಞೆಗಳು ಕೂಡದು ಎಂದು ನಿರ್ಣಯಿಸಿತು. ಆ ಸಭೆಯಲ್ಲಿದ್ದವರು ಬಹುಮಟ್ಟಿಗೆ ಎಲ್ಲರೂ ಕಿವಿ ಕೇಳುವವರೇ. ಈ ನಿರ್ಣಯಗಳನ್ನು ಅಂತರರಾಷ್ಟ್ರೀಯ ಸಮ್ಮೇಳನವು ವಿಷಾದಪೂರ್ವಕವಾಗಿ ತಿರಸ್ಕರಿಸಿದುದು 2010ರಲ್ಲಿ, ಕೆನಡಾದ ವ್ಯಾಂಕೂವರಿನಲ್ಲಿ. ಅಂದರೆ 130 ವರ್ಷಗಳ ತರುವಾಯ. ಈ ನಡುವೆ 1960ರಲ್ಲಿ ವಿಲಿಯಂ ಸ್ಟೋಕಿ ಎಂಬ ವಿದ್ವಾಂಸನು ಅಮೆರಿಕದ ಸಂಜ್ಞೆಗಳಿಗೆ ಭಾಷೆಗಿರಬೇಕಾದ ಅಂತರ್ರಚನೆಯಿದೆಯೆಂದು ತೋರಿಸಿಕೊಟ್ಟನು. 1965ರ ಶಾಸನದ ಮೇರೆಗೆ ಕಿವುಡರಿಗಾಗಿ ಏರ್ಪಟ್ಟ ರಾಷ್ಟ್ರೀಯ ತಾಂತ್ರಿಕ ವಿದ್ಯಾಸಂಸ್ಥೆಯು ರಾಚೆಸ್ಟರಿನಲ್ಲಿಯೇ ನೆಲೆಗೊಂಡು 1968ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಒಂದು ಕಾಲಕ್ಕೆ ಸಂಜ್ಞೆಗಳನ್ನು ಶಾಲೆಯಿಂದ ಹೊರಗಿರಿಸಿದ ಊರು ಹೀಗೆ ಸಂಜ್ಞಾಭಾಷಿಕರ ದೊಡ್ಡ ನೆಲೆಯಾಯಿತು.

ಇಷ್ಟಾದರೂ ಕಿವುಡ ಸಮುದಾಯವು ವೈದ್ಯರನ್ನೂ ವಿಜ್ಞಾನಿಗಳನ್ನೂ ವಿಶ್ವಾಸದಿಂದ ಬರಮಾಡಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಇದಕ್ಕೆ ಐತಿಹಾಸಿಕ ಕಾರಣಗಳಿವೆ. ದೂರವಾಣಿಯ ಶೋಧಕನೆಂದು ಪ್ರಖ್ಯಾತನಾದ ಅಲೆಗ್ಸಾಂಡರ್ ಗ್ರಹಾಂ ಬೆಲ್ 1883ರಲ್ಲಿ ಅಮೆರಿಕದ ವಿಜ್ಞಾನ ಪರಿಷತ್ತಿನ ಮುಂದೆ ಒಂದು ಪ್ರಬಂಧವನ್ನು ಮಂಡಿಸಿದನು. ಕಿವುಡರು ಕಿವುಡರನ್ನೇ ವಿವಾಹವಾಗುತ್ತ ಹೋದರೆ ಮನುಷ್ಯಕುಲದಲ್ಲಿ ಒಂದು ಕಿವುಡ ಪ್ರಭೇದವೇ ನಿರ್ಮಾಣವಾದೀತೆಂಬುದು ಅದರ ಸಾರ. ಅವರನ್ನು ಒಂದೆಡೆ ಕೂಡಿಸುವ ವಸತಿಶಾಲೆಗಳೂ, ಕಿವುಡ ಉಪಾಧ್ಯಾಯರೂ, ಸಂಜ್ಞಾಭಾಷೆಯೂ ಇರಬಾರದೆಂದು ಅವನು ಭಾವಿಸಿದನು. ಬೆಲ್ಲನ ತಾಯಿಯೂ ಹೆಂಡತಿಯೂ ಕಿವುಡರೇ ಆಗಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. ದ್ವೇಷದಿಂದಲ್ಲ, ಹಿತಚಿಂತನೆಯಿಂದಲೇ ಇಂಥ ವಾದಗಳು ಹುಟ್ಟುತ್ತಿದ್ದುವು. ಜರ್ಮನಿಯಲ್ಲಿ 1933ರ ಜುಲೈ ತಿಂಗಳಲ್ಲಿ ಹೊರಟ ಸಂತಾನಹರಣ ಶಾಸನವು ಆನುವಂಶಿಕ ಕಿವುಡುತನವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿತು. ಸಾವಿರಾರು ಕಿವುಡರು ಬಲಾತ್ಕಾರದ ಶಸ್ತ್ರಚಿಕಿತ್ಸೆಗೆ ಗುರಿಯಾದರು. ಅವರನ್ನು ಪತ್ತೆಹಚ್ಚಿ ಕೊಟ್ಟವರಲ್ಲಿ ಅವರ ಶಾಲೆಯ ಉಪಾಧ್ಯಾಯರೂ ಇದ್ದರು. ಈ ಕಥೆ ಯುದ್ಧಾನಂತರ ದಶಕಗಟ್ಟಲೆ ಹೊರಬೀಳಲಿಲ್ಲ. ಹೋರ್ಸ್ಟ್ ಬೀಸೋಲ್ಡ್ ಎಂಬ ಕಿವುಡರ ಶಾಲೆಯ ಉಪಾಧ್ಯಾಯನು ಬದುಕುಳಿದ ಸಾವಿರಕ್ಕೂ ಮೇಲ್ಪಟ್ಟವರ ಹೇಳಿಕೆಗಳನ್ನು ಸಂಗ್ರಹಿಸಿ 1988ರಲ್ಲಿ ಗ್ರಂಥವಾಗಿ ಪ್ರಕಟಿಸಿದ ಮೇಲೆ ಲೋಕಕ್ಕೆ ತಿಳಿಯಿತು. ಸಾಕ್ಷಿಗಳು ಅಷ್ಟು ಕಾಲವೂ ಬದುಕಿಯೇ ಇದ್ದರು, ಅವರಿಗೆ ಹೇಳಲು ಭಾಷೆಯೂ ಇತ್ತು. ಇತಿಹಾಸಕಾರರು ಅವರ ಬಳಿಗೆ ಹೋಗಿರಲಿಲ್ಲ.

ಇನ್ನು ಆರೋಗ್ಯಸಮೀಕ್ಷೆಯ ವಿಚಾರಕ್ಕೆ ಬರೋಣ. ಅಮೆರಿಕದಲ್ಲಿ ಪ್ರಾಪ್ತವಯಸ್ಕರ ಆರೋಗ್ಯಸಂಬಂಧವಾದ ನಡವಳಿಕೆಗಳನ್ನು ತಿಳಿಯಲು ಅಲ್ಲಿಯ ರೋಗನಿಯಂತ್ರಣ ಕೇಂದ್ರವು 1984ರಿಂದ ಒಂದು ಸಮೀಕ್ಷೆಯನ್ನು ನಡೆಸುತ್ತ ಬಂದಿದೆ. ಅದು ನಡೆಯುವುದು ದೂರವಾಣಿಯಲ್ಲಿ. ಯಾದೃಚ್ಛಿಕವಾಗಿ ಆರಿಸಿದ ಮನೆಗಳಿಗೆ ಕರೆಮಾಡಿ ಪ್ರಶ್ನೆಗಳನ್ನು ಓದಿ ಹೇಳುತ್ತಾರೆ. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಎಚ್ಚರಿಕೆಯಿಂದ ರೂಪಿಸಿದ ಸಮೀಕ್ಷೆಯೇ ಅದು. ಆದರೆ ಕಿವುಡನ ಮನೆಯಲ್ಲಿ ಗಂಟೆ ಬಾರಿಸಿದರೇನು, ಬಾರಿಸದಿದ್ದರೇನು? ಇದಕ್ಕಿಂತಲೂ ವಿಚಿತ್ರವಾದ ಸಂಗತಿಯೆಂದರೆ, 'ನೀವು ಕಿವುಡರೇ? ಕೇಳುವುದರಲ್ಲಿ ನಿಮಗೆ ಬಹಳ ತೊಂದರೆಯಿದೆಯೇ?' ಎಂಬರ್ಥದ ಪ್ರಶ್ನೆಯನ್ನು 2016ರಲ್ಲಿ ಈ ಸಮೀಕ್ಷೆಗೆ ಸೇರಿಸಿದರು. ಅದನ್ನು ಕೇಳುವುದೂ ದೂರವಾಣಿಯಲ್ಲಿಯೇ. ಹೌದೆಂದು ಉತ್ತರ ಕೊಡುವವರಲ್ಲಿ ಹೆಚ್ಚಿನವರು ವಯೋಧರ್ಮದಿಂದ ಕಿವಿ ಮಂದವಾದವರಾಗಿರುತ್ತಾರೆ ಎಂಬುದನ್ನು ಊಹಿಸಲು ಪಾಂಡಿತ್ಯ ಬೇಕಿಲ್ಲ. ಹುಟ್ಟುಕಿವುಡರು ದೇಶದ ಆರೋಗ್ಯಚಿತ್ರದಿಂದ ಹೀಗೆ ಸದ್ದಿಲ್ಲದೆ ಜಾರಿಹೋಗಿದ್ದರು. ಯಾರೂ ಅವರನ್ನು ಬುದ್ಧಿಪೂರ್ವಕವಾಗಿ ಹೊರಗಿಟ್ಟಿರಲಿಲ್ಲ.

ಕಿವುಡರಿಗೆ ಆರೋಗ್ಯಜ್ಞಾನ ದೊರೆಯುವ ಬಗೆಯೂ ನಮ್ಮದಕ್ಕಿಂತ ಭಿನ್ನ. ನಮಗೆ ತಿಳಿದಿರುವುದರಲ್ಲಿ ಎಷ್ಟೋ ಭಾಗವನ್ನು ನಾವು ಯಾರಿಂದಲೂ ಕಲಿತುದಲ್ಲ, ಸುಮ್ಮನೆ ಕಿವಿಗೆ ಬಿದ್ದುದು. ಊಟದ ಹೊತ್ತಿನಲ್ಲಿ ಅಜ್ಜಿ ತನ್ನ ತಮ್ಮನಿಗೆ ಸಕ್ಕರೆಕಾಯಿಲೆಯಿದ್ದುದನ್ನು ಹೇಳುತ್ತಾಳೆ. ದೊಡ್ಡಪ್ಪನಿಗೆ ಎದೆನೋವು ಬಂದುದು ಹೇಗೆಂದು ಪಡಸಾಲೆಯಲ್ಲಿ ಮಾತಾಗುತ್ತದೆ. ಆಡುತ್ತಿರುವ ಮಗು ಕೇಳಿಸಿಕೊಳ್ಳುತ್ತದೆ. ಕಿವುಡ ಮಕ್ಕಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವ ತಂದೆತಾಯಿಗಳಿಗೆ. ಅವರಲ್ಲಿ ಸಂಜ್ಞಾಭಾಷೆಯನ್ನು ಸರಾಗವಾಗಿ ಕಲಿಯುವವರು ಸ್ವಲ್ಪ ಮಂದಿ. ಊಟದ ಪಂಕ್ತಿಯಲ್ಲಿ ಎಲ್ಲರೂ ನಕ್ಕಾಗ ಮಗು ಏಕೆಂದು ಕೇಳಿದರೆ 'ಆಮೇಲೆ ಹೇಳುತ್ತೇನೆ' ಎಂಬ ಸನ್ನೆ ಬರುತ್ತದೆ. ದೊಡ್ಡವನಾದ ಮೇಲೆ ವೈದ್ಯನು 'ನಿಮ್ಮ ಮನೆತನದಲ್ಲಿ ಯಾರಿಗಾದರೂ ಹೃದ್ರೋಗವಿತ್ತೇ?' ಎಂದು ಕೇಳಿದಾಗ ಅವನಲ್ಲಿ ಉತ್ತರವಿರುವುದಿಲ್ಲ. ಬರೆಹವಿದೆಯಲ್ಲ, ಚೀಟಿ ಬರೆದು ತೋರಿಸಬಾರದೇ ಎಂದು ಕೇಳುವವರುಂಟು. ಸಂಜ್ಞಾಭಾಷಿಕನಿಗೆ ಇಂಗ್ಲಿಷು ಎರಡನೆಯ ಭಾಷೆ, ಅದೂ ಎಂದೂ ಕಿವಿಯಿಂದ ಕೇಳದ ಭಾಷೆ. ಅದರ ವೈದ್ಯಕೀಯ ಪರಿಭಾಷೆಯನ್ನು ಚೀಟಿಯಲ್ಲಿ ಬರೆದುಕೊಟ್ಟರೆ ಆಗುವ ಪ್ರಯೋಜನವನ್ನು, ಇಂಗ್ಲಿಷಿನಲ್ಲಿ ಬರೆದ ಔಷಧದ ಸೂಚನಾಪತ್ರವನ್ನು ಕೈಯಲ್ಲಿ ಹಿಡಿದು ನಿಂತ ನಮ್ಮ ಹಳ್ಳಿಗರನ್ನು ಕಂಡವರು ಬಲ್ಲರು.

ರಾಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ 2004ರಲ್ಲಿ, ರೋಗನಿಯಂತ್ರಣ ಕೇಂದ್ರದ ಧನಸಹಾಯದಿಂದ, ಕಿವುಡರ ಆರೋಗ್ಯ ಸಂಶೋಧನೆಯ ರಾಷ್ಟ್ರೀಯ ಕೇಂದ್ರವು ಆರಂಭವಾಯಿತು. ಥಾಮಸ್ ಪಿಯರ್ಸನ್ ಅದರ ಮೊದಲ ನಿರ್ದೇಶಕರು. ಸಂಜ್ಞಾಭಾಷೆಯನ್ನು ಬಲ್ಲ ಕುಟುಂಬವೈದ್ಯರಾದ ಸ್ಟೀವನ್ ಬಾರ್ನೆಟ್ ಅದರ ಪ್ರಮುಖ ಸಂಶೋಧಕರು. ವೈದ್ಯರು ವಿಷಯವನ್ನು ಗೊತ್ತುಮಾಡಿಕೊಂಡು ಜನರನ್ನು ಕರೆಸಿ ಪರೀಕ್ಷಿಸುವುದು ಸಾಮಾನ್ಯ ಕ್ರಮ. ಇಲ್ಲಿ ಹಾಗಾಗಲಿಲ್ಲ. ಊರಿನ ಕಿವುಡರದೇ ಒಂದು ಸಮಿತಿ ಏರ್ಪಟ್ಟಿತು. ಏನನ್ನು ಕೇಳಬೇಕು, ಹೇಗೆ ಕೇಳಬೇಕು, ದೊರೆತ ಉತ್ತರಗಳಿಂದ ಏನು ಮಾಡಬೇಕು ಎಂಬ ಮೂರು ವಿಷಯಗಳಲ್ಲಿಯೂ ಆ ಸಮಿತಿಯ ಮಾತಿಗೆ ಬೆಲೆಯಿತ್ತು. ಸಂಶೋಧಕರಲ್ಲಿಯೂ ಸಿಬ್ಬಂದಿಯಲ್ಲಿಯೂ ಕಿವುಡರಿದ್ದರು.

ಈ ಸಮೀಕ್ಷೆಯಲ್ಲಿ ನಮ್ಮ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸತಕ್ಕ ಭಾಗವೆಂದರೆ ಪ್ರಶ್ನೆಗಳ ಭಾಷಾಂತರ. ದೂರವಾಣಿ ಸಮೀಕ್ಷೆಯ ಪ್ರಶ್ನೆಗಳನ್ನೇ ಬಹುಮಟ್ಟಿಗೆ ಆಧಾರವಾಗಿಟ್ಟುಕೊಂಡು ಅಮೆರಿಕದ ಸಂಜ್ಞಾಭಾಷೆಗೆ ತಂದರು. ಉಳಿದ ಜನರ ಅಂಕಿಗಳೊಡನೆ ಹೋಲಿಸಬೇಕಾದರೆ ಪ್ರಶ್ನೆಗಳು ಒಂದೇ ಆಗಿರಬೇಕಷ್ಟೆ. ಆದರೆ 'ಒಂದೇ ಪ್ರಶ್ನೆ' ಎಂದರೇನು? ಸಂಜ್ಞಾಭಾಷೆಗೆ ಲಿಪಿಯಿಲ್ಲ, ಆದ್ದರಿಂದ ಭಾಷಾಂತರವೆಂಬುದು ಕಾಗದದ ಮೇಲಿರದೆ, ಒಬ್ಬ ವ್ಯಕ್ತಿ ಆಡಿ ತೋರಿಸಿದ ಚಲನಚಿತ್ರವಾಗಿರುತ್ತದೆ. ಆ ಭಾಷೆಯಲ್ಲಿ ಹುಬ್ಬೂ ವ್ಯಾಕರಣದ ಒಂದು ಅಂಗ: ಹೌದು-ಅಲ್ಲ ಎಂಬ ಉತ್ತರವನ್ನು ಬೇಡುವ ಪ್ರಶ್ನೆಗೆ ಹುಬ್ಬು ಮೇಲೇರುತ್ತದೆ, ಯಾರು-ಏನು-ಏಕೆ ಎಂಬ ಪ್ರಶ್ನೆಗೆ ಕೆಳಗಿಳಿದು ಗಂಟಿಕ್ಕುತ್ತದೆ. ಸಂಜ್ಞೆ ಸರಿಯಾಗಿದ್ದು ಮುಖ ತಪ್ಪಿದರೆ ವಾಕ್ಯವೇ ಕೆಟ್ಟುಹೋಗುತ್ತದೆ. ಹೀಗಾಗಿ ಒಂದು ತಂಡ ಭಾಷಾಂತರಿಸಿದುದನ್ನು ಇಂಗ್ಲಿಷಿಗೆ ಮರಳಿಸಿ, ಮೂಲದೊಡನೆ ತಾಳೆ ನೋಡಿ, ತಿದ್ದಿ, ಮತ್ತೆ ಚಿತ್ರಿಸಬೇಕಾಗುತ್ತಿತ್ತು. ಶಾಸನದ ಪಾಠಶೋಧನೆಯಲ್ಲಿ ತೊಡಗಿದವರಿಗೆ ಈ ಶ್ರಮ ಅಪರಿಚಿತವೇನಲ್ಲ.

ಭಾಷೆಯ ತೊಡಕಿಗಿಂತಲೂ ಸೂಕ್ಷ್ಮವಾದ ಇನ್ನೊಂದು ತೊಡಕುಂಟು. 'ನಿಮಗೆ ರಕ್ತದೊತ್ತಡವಿದೆಯೆಂದು ವೈದ್ಯರು ಎಂದಾದರೂ ಹೇಳಿದ್ದಾರೆಯೇ?' ಎಂಬುದು ಇಂಥ ಸಮೀಕ್ಷೆಗಳಲ್ಲಿ ಬರುವ ಮಾಮೂಲು ಪ್ರಶ್ನೆ. ವೈದ್ಯನು ಹೇಳಿಲ್ಲವೆಂದರೆ ರೋಗವಿಲ್ಲವೆಂದು ಎಣಿಸುತ್ತಾರೆ. ವೈದ್ಯನು ಹೇಳಿದ, ಆದರೆ ದುಭಾಷಿ ಇರಲಿಲ್ಲವಾದ್ದರಿಂದ ರೋಗಿಗೆ ಅದು ತಲುಪಲಿಲ್ಲ ಎಂಬ ಸಾಧ್ಯತೆಗೆ ಆ ಪ್ರಶ್ನೆಯಲ್ಲಿ ಎಡೆಯಿಲ್ಲ. 'ಇಲ್ಲ' ಎಂಬ ಉತ್ತರ ಒಂದು ಸಮುದಾಯದಲ್ಲಿ ಆರೋಗ್ಯವನ್ನು ಸೂಚಿಸಿದರೆ, ಇನ್ನೊಂದರಲ್ಲಿ ಅಜ್ಞಾನವನ್ನು ಸೂಚಿಸಬಹುದು. ಬ್ರಿಟನ್ನಿನಲ್ಲಿ ಬ್ರಿಟಿಷ್ ಸಂಜ್ಞಾಭಾಷೆಯನ್ನಾಡುವ 298 ಮಂದಿಯನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನವು ಈ ಸಂದೇಹಕ್ಕೆ ಪುಷ್ಟಿಯನ್ನಿತ್ತಿತು. ಅಲ್ಲಿ ಬಾಯಿಮಾತಿಗೆ, ಎಂದರೆ ಕೈಮಾತಿಗೆ, ನಿಲ್ಲದೆ ಪಟ್ಟಿ ಕಟ್ಟಿ ರಕ್ತದೊತ್ತಡವನ್ನು ಅಳೆದರು. ಹೃದ್ರೋಗವಿದೆಯೆಂದು ತಾವಾಗಿ ಹೇಳಿದ ಕಿವುಡರ ಪ್ರಮಾಣ ಉಳಿದವರಿಗಿಂತ ಕಡಮೆಯಿತ್ತು. ಅಳೆದು ನೋಡಿದಾಗ ಒತ್ತಡ ಏರಿದ್ದವರು ಶೇಕಡಾ 37, ಸಾಮಾನ್ಯ ಜನರಲ್ಲಿ ಶೇಕಡಾ 21.

ರಾಚೆಸ್ಟರಿನ ಸಮೀಕ್ಷೆ 2008ರಲ್ಲಿ ನಡೆಯಿತು. ಬೆರಳಿನಿಂದ ಮುಟ್ಟಿದರೆ ಉತ್ತರವನ್ನು ದಾಖಲಿಸಿಕೊಳ್ಳುವ ಗಣಕಯಂತ್ರದ ಪರದೆಯ ಮೇಲೆ ಸಂಜ್ಞೆಯಲ್ಲಿ ಪ್ರಶ್ನೆ ಮೂಡುತ್ತಿತ್ತು. ಉತ್ತರಿಸುವವನು ಪರದೆಯ ಮುಂದೆ ಒಬ್ಬನೇ. ಇದರಲ್ಲಿ ಅನುಕೂಲವಷ್ಟೇ ಅಲ್ಲದೆ ಮರ್ಯಾದೆಯ ಪ್ರಶ್ನೆಯೂ ಇತ್ತು. ಕಿವುಡ ಸಮುದಾಯ ಕಿರಿದು. ದುಭಾಷಿಗಳೂ ಎಲ್ಲರಿಗೂ ಪರಿಚಿತರು. ಇಂದು ವೈದ್ಯನ ಮುಂದೆ ನನ್ನ ಗುಟ್ಟನ್ನು ಇಂಗ್ಲಿಷಿಗೆ ತಿರುಗಿಸಿದ ದುಭಾಷಿಯನ್ನೇ ನಾಳೆ ಮದುವೆಮನೆಯಲ್ಲಿ ಎದುರುಗೊಳ್ಳಬೇಕು. ಒಟ್ಟು 339 ಮಂದಿ ಕಿವುಡರು ಉತ್ತರವಿತ್ತರು. ಅದರ ಫಲಿತಾಂಶಗಳು 2011ರಲ್ಲಿ ಅಮೆರಿಕದ ಜನಾರೋಗ್ಯ ಪತ್ರಿಕೆಯಲ್ಲಿ ಪ್ರಕಟವಾದುವು. ಅದೇ ಊರಿನ ಸಾಮಾನ್ಯ ಜನರಲ್ಲಿ ಸ್ಥೂಲಕಾಯರು ಶೇಕಡಾ 27ರಷ್ಟಿದ್ದರೆ ಕಿವುಡರಲ್ಲಿ 34. ಹಿಂದಿನ ಒಂದು ವರ್ಷದಲ್ಲಿ ಆತ್ಮಹತ್ಯೆಗೆ ಯತ್ನಿಸಿದುದಾಗಿ ಹೇಳಿಕೊಂಡವರು ಸಾಮಾನ್ಯ ಜನರಲ್ಲಿ ಶೇಕಡಾ 0.4, ಕಿವುಡರಲ್ಲಿ 2.2. ಬಾಳಸಂಗಾತಿಯಿಂದ ಹೊಡೆತ ತಿಂದವರು ಅಲ್ಲಿ 14, ಇಲ್ಲಿ 21. ಇಷ್ಟವಿಲ್ಲದ ಸಂಭೋಗಕ್ಕೆ ಬಲಾತ್ಕಾರದಿಂದ ಗುರಿಯಾದವರು ಅಲ್ಲಿ ಶೇಕಡಾ 6ರ ಒಳಗೆ, ಇಲ್ಲಿ 21ರ ಸಮೀಪ. ಹೊಗೆ ಸೇದುವವರು ಮಾತ್ರ ಕಿವುಡರಲ್ಲಿ ಸುಮಾರು ಅರ್ಧದಷ್ಟೇ ಇದ್ದರು. ಬ್ರಿಟನ್ನಿನ ಅಧ್ಯಯನವೂ ಈ ಕೊನೆಯ ಮಾತನ್ನು ಸಮರ್ಥಿಸುತ್ತದೆ.

ಈ ಅಂಕಿಗಳನ್ನು ಎಲ್ಲ ದೇಶಗಳ ಕಿವುಡರಿಗೂ ಅನ್ವಯಿಸುವುದು ಸಾಧುವಲ್ಲ. 339 ದೊಡ್ಡ ಸಂಖ್ಯೆಯಲ್ಲ; ತಾವಾಗಿ ಮುಂದೆ ಬಂದವರನ್ನು ಕೇಳಿದುದು; ಉನ್ನತ ವಿದ್ಯಾಸಂಸ್ಥೆಯೊಂದು ಊರಿನಲ್ಲಿಯೇ ಇರುವುದರಿಂದ ರಾಚೆಸ್ಟರಿನ ಕಿವುಡರು ಬೇರೆ ಕಡೆಯವರಿಗಿಂತ ಹೆಚ್ಚು ಓದಿದವರು. ಆದರೆ ಈ ಕೊನೆಯ ಕಾರಣದಿಂದಲೇ ನಮಗೆ ಆ ಸಂಖ್ಯೆಗಳು ಹೆಚ್ಚು ಕಳವಳವನ್ನುಂಟುಮಾಡುತ್ತವೆ. ವಿದ್ಯೆಯೂ ದುಭಾಷಿಗಳೂ ಶಾಸನದ ರಕ್ಷಣೆಯೂ ಇರುವ ಕಡೆಯಲ್ಲಿ ಸ್ಥಿತಿ ಹೀಗಿದ್ದರೆ, ಅವು ಯಾವುವೂ ಇಲ್ಲದ ಕಡೆಯಲ್ಲಿ ಹೇಗಿದ್ದೀತು?

ಫಲಿತಾಂಶ ಬಂದ ಮೇಲೆ ಅದು ಪಂಡಿತರ ಪತ್ರಿಕೆಯಲ್ಲಿ ಮಾತ್ರ ಉಳಿಯಲಿಲ್ಲ. ಸಮುದಾಯದವರ ಮುಂದೆ ಅವರ ಭಾಷೆಯಲ್ಲಿಯೇ ಅದನ್ನು ಇರಿಸಿ ಚರ್ಚಿಸಿದರು. ಇದು ಸುಲಭದ ಕೆಲಸವೆಂದು ಓದುಗರು ಭಾವಿಸಬಾರದು. ನಮ್ಮವರಲ್ಲಿ ಹೆಂಡತಿಯನ್ನು ಹೊಡೆಯುವವರು ಹೆಚ್ಚು ಎಂಬ ಮಾತನ್ನು ಯಾವ ಸಮುದಾಯ ತಾನೇ ಸಂತೋಷದಿಂದ ಕೇಳೀತು? ಅದರಲ್ಲಿಯೂ ಹೊರಗಿನವರ ಕೀಳುನೋಟವನ್ನು ತಲೆಮಾರುಗಳಿಂದ ಅನುಭವಿಸಿದವರು ಇಂಥ ಮಾತನ್ನು ಮುಚ್ಚಿಡಬಯಸಿದರೆ ತಪ್ಪೆನ್ನುವಂತಿಲ್ಲ. (ದಬ್ಬಾಳಿಕೆ ಮಾಡಿದವನು ಕಿವುಡನೋ ಕಿವಿ ಕೇಳುವವನೋ ಎಂಬುದನ್ನು ಆ ಶೇಕಡಾ ಸಂಖ್ಯೆ ಹೇಳುವುದಿಲ್ಲ ಎಂಬುದನ್ನೂ ಗಮನಿಸಬೇಕು.) ಆದರೂ ಸ್ಥೂಲಕಾಯ, ಆತ್ಮಹತ್ಯೆಯ ಯತ್ನ, ಬಾಳಸಂಗಾತಿಯ ಹಿಂಸೆ ಎಂಬ ಈ ಮೂರನ್ನು ತಮ್ಮ ಸಮುದಾಯವು ಮೊದಲು ಎದುರಿಸಬೇಕಾದ ಸಮಸ್ಯೆಗಳೆಂದು ಅವರು ಕೂಡಿಯೇ ಗುರುತಿಸಿದರು. ಪರಕೀಯರು ಹೊರಿಸಿದ ಆರೋಪವಾಗಿದ್ದರೆ ಈ ಒಪ್ಪಿಗೆ ದೊರೆಯುತ್ತಿತ್ತೆಂದು ನಮಗೆ ತೋರುವುದಿಲ್ಲ.

ಮೊದಲನೆಯದಕ್ಕೆ ಕೈಗೊಂಡ ಕ್ರಮವನ್ನು ಸಂಕ್ಷೇಪವಾಗಿ ಹೇಳಬಹುದು. ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದವರು ರೂಪಿಸಿದ್ದ ತೂಕ ಇಳಿಸುವ ಶಿಕ್ಷಣಕ್ರಮವೊಂದನ್ನು ಕಿವುಡರ ಭಾಷೆಗೂ ಜೀವನಕ್ಕೂ ಹೊಂದಿಸಿಕೊಂಡು, ನಲವತ್ತರಿಂದ ಎಪ್ಪತ್ತು ವರ್ಷದೊಳಗಿನ ನೂರಕ್ಕೂ ಸ್ವಲ್ಪ ಮೇಲ್ಪಟ್ಟ ಮಂದಿಯನ್ನು ವಾರಕ್ಕೊಮ್ಮೆಯಂತೆ 16 ವಾರ ಕೂಡಿಸಿದರು. ಕಲಿಸಿದವರು ಸಂಜ್ಞಾಭಾಷಿಕರು. ಬಂದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಆಗಲೇ, ಇನ್ನೊಂದಕ್ಕೆ ಒಂದು ವರ್ಷದ ಬಳಿಕ ಶಿಕ್ಷಣವಿತ್ತರು. ಮೊದಲ ಗುಂಪಿನವರ ತೂಕ ಇಳಿದುದು ಸ್ಪಷ್ಟವಾಗಿ ಕಂಡಿತು. ಒಂದು ಗುಂಪಿಗೆ ಏನನ್ನೂ ಕೊಡದೆ ಬರಿದೆ ಹೋಲಿಕೆಗಾಗಿ ಇಟ್ಟುಕೊಳ್ಳುವ ರೂಢಿ ವೈದ್ಯಕೀಯ ಪ್ರಯೋಗಗಳಲ್ಲಿದೆ. ಇಲ್ಲಿ ಕಾಯಬೇಕಾದವರೂ ಬರಿಗೈಯಲ್ಲಿ ಹೋಗಲಿಲ್ಲ.

ವೈದ್ಯರನ್ನು ತಿದ್ದುವ ಕೆಲಸ ಇದಕ್ಕೂ ಮುಂಚೆಯೇ ಅದೇ ವಿಶ್ವವಿದ್ಯಾನಿಲಯದಲ್ಲಿ ಮೊದಲಾಗಿತ್ತು. 1998ರಿಂದ ಅಲ್ಲಿಯ ವೈದ್ಯಕೀಯ ಶಾಲೆಯ ಮೊದಲ ವರ್ಷದ ವಿದ್ಯಾರ್ಥಿಗಳು ಒಂದು ದಿನ ಕಲ್ಪಿತ ಆಸ್ಪತ್ರೆಯೊಂದಕ್ಕೆ ರೋಗಿಗಳಾಗಿ ಹೋಗುತ್ತ ಬಂದರು. ಆ ಆಸ್ಪತ್ರೆಯಲ್ಲಿ ಹೆಸರು ಬರೆದುಕೊಳ್ಳುವವರು, ವೈದ್ಯರು, ಔಷಧ ಕೊಡುವವರು ಎಲ್ಲರೂ ಊರಿನ ಕಿವುಡ ಸ್ವಯಂಸೇವಕರು. ಬಾಯಿಂದ ಮಾತನಾಡುವಂತಿಲ್ಲ. ತನ್ನ ಹೆಸರನ್ನು ಬೆರಳಕ್ಷರಗಳಲ್ಲಿ ಕರೆದಾಗ ಅದು ತನ್ನದೆಂದು ತಿಳಿಯದೆ ಕುಳಿತಿರುವ ವಿದ್ಯಾರ್ಥಿ, ತನ್ನ ನೋವೆಲ್ಲಿದೆಯೆಂದು ತೋರಿಸಲು ಪರದಾಡಿ, ವೈದ್ಯನು ಏನು ಹೇಳಿದನೆಂದು ಅರ್ಥವಾಗದಿದ್ದರೂ ತಲೆಯಾಡಿಸಿ, ಕೈಗೆ ಬಂದ ಔಷಧವನ್ನು ತೆಗೆದುಕೊಂಡು ಹೊರಬರುತ್ತಾನೆ. ತಲೆಯಾಡಿಸುವುದೆಂದರೆ ಒಪ್ಪಿಗೆಯಲ್ಲವೆಂಬುದನ್ನು ಹತ್ತು ಉಪನ್ಯಾಸಗಳು ಕಲಿಸಲಾರದ ರೀತಿಯಲ್ಲಿ ಆ ಒಂದು ಮಧ್ಯಾಹ್ನ ಕಲಿಸೀತು. ನಾವೂ ತರಗತಿಯಲ್ಲಿ ಪಾಠ ಹೇಳಿ 'ತಿಳಿಯಿತೇ?' ಎಂದು ಕೇಳಿ ಎದುರಿಗೆ ಆಡುವ ತಲೆಗಳನ್ನು ಕಂಡು ತೃಪ್ತರಾಗುವವರೇ.

ಕನ್ನಡನಾಡಿಗೂ ಈ ವಿಷಯಕ್ಕೂ ಇರುವ ಸಂಬಂಧವನ್ನು ಹೇಳದೆ ಮುಗಿಸಲಾಗದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನು ಎಲ್ಲರೂ ಬಲ್ಲರು. ಅಷ್ಟಾಗಿ ತಿಳಿಯದ ಸಂಗತಿಯೆಂದರೆ, ಭಾರತದ ಸಂಜ್ಞಾಭಾಷೆಯನ್ನು ಕುರಿತು 1970ರ ದಶಕದ ಉತ್ತರಾರ್ಧದಲ್ಲಿ ನಡೆದ ಮೊದಲ ವ್ಯವಸ್ಥಿತ ಅಧ್ಯಯನಗಳಿಗೆ ದೆಹಲಿ, ಮುಂಬಯಿ, ಕಲ್ಕತ್ತೆಗಳೊಡನೆ ಬೆಂಗಳೂರೂ ಒಂದು ಕ್ಷೇತ್ರವಾಗಿತ್ತು. ಬಾಲ್ಯದಲ್ಲಿಯೇ ಶ್ರವಣಶಕ್ತಿಯನ್ನು ಕಳೆದುಕೊಂಡ ಮದನ್ ವಾಸಿಷ್ಠರೂ ಜೇಮ್ಸ್ ವುಡ್‌ವರ್ಡರೂ ಮತ್ತಿತರರೂ ಕೂಡಿ ಅದನ್ನು ನಡೆಸಿದರು. ಬೆಂಗಳೂರಿನ ಸಂಜ್ಞಾರೂಪವನ್ನು ಕುರಿತ ಅವರ ಪುಸ್ತಕ 1985ರಲ್ಲಿ ಹೊರಬಂದಿತು. 2015ರಲ್ಲಿ ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ತರಬೇತಿ ಕೇಂದ್ರ ದೆಹಲಿಯಲ್ಲಿ ಏರ್ಪಟ್ಟು, ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಮೊದಲಾಗಿ 2021ರ ಹೊತ್ತಿಗೆ 10,000ಕ್ಕೆ ಬೆಳೆದಿತ್ತು. 2011ರ ಜನಗಣತಿಯು ಶ್ರವಣದೋಷವುಳ್ಳವರನ್ನು 50 ಲಕ್ಷಕ್ಕೂ ಮಿಗಿಲೆಂದು ಎಣಿಸಿತು. ಅವರಲ್ಲಿ ಸಂಜ್ಞಾಭಾಷೆಯನ್ನಾಡುವವರು ಎಷ್ಟು ಮಂದಿಯೆಂಬುದು ಆ ಎಣಿಕೆಯಿಂದ ತಿಳಿಯುವುದಿಲ್ಲ. ಅಂಗವೈಕಲ್ಯದ ಬಗೆಯನ್ನು ಕೇಳುವ ಆ ಪ್ರಶ್ನೆಯು ಭಾಷೆಯನ್ನು ಕೇಳಿರಲಿಲ್ಲ.

ನಮ್ಮ ದೇಶದ ಆರೋಗ್ಯದ ಸ್ಥಿತಿಯನ್ನು ತಿಳಿಸುವ ಮುಖ್ಯ ಆಧಾರಗಳಲ್ಲೊಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಇದು ದೂರವಾಣಿಯ ಸಮೀಕ್ಷೆಯಲ್ಲ; ಸಮೀಕ್ಷಕರು ಮನೆಗೆ ಬಂದು ಎದುರು ಕುಳಿತು ಬಾಯಿಮಾತಿನಲ್ಲಿ ಕೇಳುತ್ತಾರೆ. 2005-06ರ ಮೂರನೆಯ ಸುತ್ತಿನಿಂದ ಗೃಹಹಿಂಸೆಯನ್ನು ಕುರಿತ ವಿಸ್ತಾರವಾದ ಪ್ರಶ್ನೆಗಳೂ ಅದರಲ್ಲಿ ಸೇರಿವೆ. ಅವುಗಳ ವಿಷಯದಲ್ಲಿ ಒಂದು ಒಳ್ಳೆಯ ಕಟ್ಟಳೆಯಿದೆ: ಉತ್ತರಿಸುವ ಹೆಂಗಸು ಒಬ್ಬಳೇ ಇರುವಾಗ, ಮನೆಯವರಾರೂ ಕೇಳಿಸಿಕೊಳ್ಳದ ಎಡೆಯಲ್ಲಿ ಮಾತ್ರ ಆ ಪ್ರಶ್ನೆಗಳನ್ನು ಕೇಳತಕ್ಕದ್ದು, ಏಕಾಂತ ದೊರೆಯದಿದ್ದರೆ ಕೇಳದೆಯೇ ಬಿಡತಕ್ಕದ್ದು. ಈಗ ಹಾವೇರಿಯ ಕಡೆಯ ಒಂದು ಹಳ್ಳಿಯಲ್ಲಿ ಕಿವುಡ ಸೊಸೆಯೊಬ್ಬಳಿದ್ದಾಳೆಂದು ಭಾವಿಸೋಣ. ಅವಳ ಸನ್ನೆಗಳು ತಿಳಿಯುವುದು ಮನೆಯಲ್ಲಿ ಗಂಡನಿಗೆ, ಸ್ವಲ್ಪಮಟ್ಟಿಗೆ ಅತ್ತೆಗೆ. ಸಮೀಕ್ಷಕಿಯು ಕಟ್ಟಳೆಯನ್ನು ಪಾಲಿಸಿ ಅವರಿಬ್ಬರನ್ನೂ ಹೊರಗೆ ಕಳುಹಿಸಿದರೆ ಕೋಣೆಯಲ್ಲಿ ಉಳಿಯುವವರು ಇಬ್ಬರು ಹೆಂಗಸರು. ಅವರಲ್ಲಿ ಒಬ್ಬಳ ಕೈಯಲ್ಲಿ ಪ್ರಶ್ನಾವಳಿಯಿದೆ, ಇನ್ನೊಬ್ಬಳಲ್ಲಿ ಅದಕ್ಕೆ ಉತ್ತರವಿದೆ. ಗಂಡನನ್ನು ಒಳಗೆ ಕರೆದರೆ ದುಭಾಷಿ ದೊರೆಯುತ್ತಾನೆ.